1780ರ ನಾಲ್ವರ ಕೂಟ ಒಡೆಯದೇ ಇದ್ದಿದ್ದರೆ? ಮೈಸೂರು, ಪುಣೆ, ಹೈದರಾಬಾದ್, ನಾಗಪುರ: ಒಂದು ಊಹೆಯ ಯುದ್ಧ

ತುಂಗಭದ್ರಾ_ದಂಡೆ:

ಎರಡನೇ ಆಂಗ್ಲೋ-ಮೈಸೂರು ಯುದ್ಧ ಅಂದ ಕೂಡಲೇ ನಮ್ಮಲ್ಲಿ ಮಾತು ರಾಕೆಟ್ಟಿಗೆ ಹೋಗುತ್ತದೆ, ಇಲ್ಲಾ 1780ರಲ್ಲಿ ಮೈಸೂರು ಇಂಗ್ಲಿಷರ ದಂಡನ್ನು ನಾಶ ಮಾಡಿದ ಪೊಳ್ಳಿಲೂರಿಗೆ ಹೋಗುತ್ತದೆ. ನನಗೆ ಆ ಯುದ್ಧದಲ್ಲಿ ಹೆಚ್ಚು ಕಾಡುವುದು ಯುದ್ಧಕ್ಕೆ ಬಾರದೇ ಇದ್ದವರು. ಅವರ ಬಗ್ಗೆ ಇಲ್ಲಿ ಮಾತಾಡೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ಕುಂಪಣಿಯ (ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ) ಜೊತೆ ಒಪ್ಪಂದ ಮಾಡಿಕೊಂಡ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಅಂತ ಮಾತಾಯಿತು. ಮರಾಠರು ಮೇಲೆ ಬಿದ್ದಾಗ ಕುಂಪಣಿ ಬರಲೇ ಇಲ್ಲ. 1771ರಲ್ಲಿ ಚಿನಕುರಳಿಯಲ್ಲಿ ಹೈದರ್ ಸೋತು ಸುಣ್ಣವಾದ. ಆ ಸಿಟ್ಟು ಅವನಿಗೆ ಕೊನೆಯವರೆಗೂ ಹೋಗಲಿಲ್ಲ.

1778ರಲ್ಲಿ ಅಮೆರಿಕದ ಯುದ್ಧಕ್ಕೆ ಫ್ರಾನ್ಸ್ ಇಳಿಯಿತು. ಇಲ್ಲಿ ಇಂಗ್ಲಿಷರು ಪಾಂಡಿಚೇರಿ ಹಿಡಿದರು. 1779ರಲ್ಲಿ ಮಾಹೆಯನ್ನೂ ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಂದರು ಅದು. ಅದೇ ವರ್ಷ ಮದರಾಸು ಸರ್ಕಾರ ನಿಜಾಮನ ತಮ್ಮ ಬಸಾಲತ್ ಜಂಗನಿಂದ ಗುಂಟೂರನ್ನು ಗುತ್ತಿಗೆಗೆ ತೆಗೆದುಕೊಂಡಿತು. ನಿಜಾಮನನ್ನು ಕೇಳಲೂ ಇಲ್ಲ. ಅಲ್ಲಿಗೆ ದಂಡು ಕಳಿಸುವಾಗ ಹೈದರನ ಸೀಮೆಯೊಳಗೇ ನುಗ್ಗಿಸಿದರು. ಪುಣೆಯವರಂತೂ ಪೇಶ್ವೆ ಪಟ್ಟಕ್ಕೆ ಹಕ್ಕು ಹೂಡಿದ್ದ ರಘುನಾಥರಾವ್ ವಿಷಯಕ್ಕೆ ಆಗಲೇ ಕುಂಪಣಿಯ ಜೊತೆ ಯುದ್ಧದಲ್ಲಿದ್ದರು.

ಹೀಗೆ 1780ರ ಹೊತ್ತಿಗೆ ನಾಲ್ವರು ಒಂದಾದರು. ಹೈದರ್ ಕರ್ನಾಟಿಕ್ (ಆರ್ಕಾಟ್ ನವಾಬನ ತಮಿಳು ಸೀಮೆ) ಮೇಲೆ, ನಿಜಾಮ ಆಂಧ್ರ ಕರಾವಳಿಯ ಉತ್ತರ ಸರ್ಕಾರುಗಳ ಮೇಲೆ, ನಾಗಪುರದ ಮುಧೋಜಿ ಭೋಂಸ್ಲೆ ಬಂಗಾಳದ ಮೇಲೆ, ಪುಣೆಯವರು ಬೊಂಬಾಯಿ, ಗುಜರಾತಿನ ಕಡೆ. ಮೂರೂ ಪ್ರೆಸಿಡೆನ್ಸಿಗಳಿಗೆ ಒಟ್ಟಿಗೇ ಬೆಂಕಿ.

ಆದದ್ದೇನು? ಕುಂಪಣಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಗುಂಟೂರು ವಾಪಸ್ ಕೊಟ್ಟ, ನಿಜಾಮ ಸುಮ್ಮನಾದ. ಭೋಂಸ್ಲೆಗೆ ಹಣ ಕೊಟ್ಟ, ಅವನೂ ಸುಮ್ಮನಾದ. 1781ರ ಅಕ್ಟೋಬರಿನಲ್ಲಿ ಮರಾಠಾ ಸರದಾರ ಮಹಾದ್ಜಿ ಶಿಂದೆ ಬೇರೆಯಾಗಿ ಒಪ್ಪಂದ ಮಾಡಿಕೊಂಡ. 1782ರ ಮೇ 17ಕ್ಕೆ ಮರಾಠರಿಗೂ ಕುಂಪಣಿಗೂ ಸಾಲ್ಬಾಯ್ ಒಪ್ಪಂದವಾಯಿತು. ಹೈದರ್ ಒಂಟಿಯಾದ.

ಪ್ರಶ್ನೆ: ಇವರಲ್ಲಿ ಯಾರೊಬ್ಬರು ಮಾತಿಗೆ ನಿಂತಿದ್ದರೆ ಯುದ್ಧದ ದಿಕ್ಕು ಹೆಚ್ಚು ಬದಲಾಗುತ್ತಿತ್ತು?

ನಿಯಮ ಒಂದೇ. ಸಾವು, ಮಳೆಗಾಲ, ಆಯುಧ ಯಾವುದನ್ನೂ ಬದಲಿಸುವಂತಿಲ್ಲ. ಹೈದರ್ 1782ರ ಡಿಸೆಂಬರ್ 7ರಂದು ತೀರಿಕೊಳ್ಳಲೇಬೇಕು. ಯಾರು ಯಾರ ಜೊತೆ ನಿಂತರು, ಯಾರು ಕೈಕಟ್ಟಿ ಕೂತರು ಅನ್ನುವುದನ್ನು ಮಾತ್ರ ಬದಲಿಸಬಹುದು.

ಕಡಲ_ದಾರಿ:

ಒಳ್ಳೆಯ ಪ್ರಶ್ನೆ. ಆದರೆ ನಾಲ್ವರ ಪಟ್ಟಿಯಲ್ಲಿ ಐದನೆಯವರನ್ನು ಬಿಟ್ಟಿದ್ದೀರಿ. ನನ್ನ ಉತ್ತರ ಫ್ರೆಂಚರು. ಅದರಲ್ಲೂ 1781ರ ಫೆಬ್ರವರಿ.

ಆ ಹದಿನೈದು ದಿನಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಜನವರಿ ಕೊನೆಗೆ ಅಡ್ಮಿರಲ್ ದೋರ್ವ್ ಫ್ರೆಂಚ್ ಹಡಗುಪಡೆ ಕಟ್ಟಿಕೊಂಡು ಪಾಂಡಿಚೇರಿ ಎದುರು ಬಂದ. ಇಂಗ್ಲಿಷ್ ಹಡಗುಪಡೆ ಪಶ್ಚಿಮ ಕರಾವಳಿಯಲ್ಲಿತ್ತು, ಪೂರ್ವದ ಕೋರಮಂಡಲ ಕರಾವಳಿಯಲ್ಲಿ ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಕುಂಪಣಿಯ ಸೇನಾಪತಿ ಐರ್ ಕೂಟ್ ತನ್ನ ಇಡೀ ಸೈನ್ಯದೊಂದಿಗೆ ಕಡಲೂರಿನಲ್ಲಿ ಸಿಕ್ಕಿಕೊಂಡಿದ್ದ. ಸುತ್ತಲೂ ಹೈದರನ ಕುದುರೆ ಸವಾರರು. ಹಳ್ಳಿಗಳಲ್ಲಿ ಕಾಳಿಲ್ಲ, ಮೇವಿಲ್ಲ. ಕೂಟನಿಗೆ ಅಕ್ಕಿ ಬರಬೇಕಾದರೆ ಮದರಾಸಿನಿಂದ ಸಮುದ್ರದ ಮೇಲೆಯೇ ಬರಬೇಕು. ಆ ಸಮುದ್ರ ಫ್ರೆಂಚರ ಕೈಯಲ್ಲಿತ್ತು.

ಇರು ಅಂತ ಹೈದರ್ ಕೇಳಿಕೊಂಡ. ದೋರ್ವ್ ಫೆಬ್ರವರಿ 15ಕ್ಕೆ ಹಾಯಿ ಬಿಚ್ಚಿ ಮಾರಿಷಸ್ ಕಡೆ ಹೊರಟುಹೋದ. ಇನ್ನೊಂದಿಷ್ಟು ದಿನ ನಿಂತಿದ್ದರೆ ದಕ್ಷಿಣದಲ್ಲಿ ಕುಂಪಣಿಗೆ ಇದ್ದ ಒಂದೇ ದೊಡ್ಡ ಸೈನ್ಯ ಹಸಿವಿನಿಂದ ಶರಣಾಗುತ್ತಿತ್ತು. ಒಂದು ಗುಂಡೂ ಹಾರಿಸಬೇಕಿರಲಿಲ್ಲ. ಮಿತ್ರನಾಗಿ ಬಂದವನು ತಟಸ್ಥನ ಹಾಗೆ ನಡೆದುಕೊಂಡ. ನನಗೆ ಇದನ್ನು ಓದುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ಸುಂಕದ_ಕಟ್ಟೆ:

ಕಡಲ_ದಾರಿ ಅವರೇ, ದೋರ್ವ್‌ನದು ಒಪ್ಪುತ್ತೇನೆ. ಆದರೆ ಕೂಟ್ ಯಾಕೆ ಸಮುದ್ರಕ್ಕೆ ಕಟ್ಟುಬಿದ್ದಿದ್ದ ಅಂತಲೂ ಕೇಳಬೇಕಲ್ವಾ? ಅವನಿಗೆ ಎತ್ತುಗಳಿರಲಿಲ್ಲ. ತೋಪು ಎಳೆಯಲು ಎತ್ತು ಬೇಕು, ಅಕ್ಕಿ ಹೊರಲು ಎತ್ತು ಬೇಕು. 1780ರ ಜುಲೈಯಲ್ಲಿ ಹೈದರ್ ಚಂಗಮ ಕಣಿವೆ ಇಳಿದ ಮೇಲೆ ಸುತ್ತಮುತ್ತ ದನಕರು ಉಳಿಯಲಿಲ್ಲ. 1781ರ ಜುಲೈ 1ರಂದು ಪರಂಗಿಪೇಟೆಯಲ್ಲಿ ಕೂಟ್ ಗೆದ್ದ. ಗೆದ್ದೂ ಹೈದರನನ್ನು ಅಟ್ಟಿಸಿಕೊಂಡು ಹೋಗಲು ಆಗಲಿಲ್ಲ. ಆಗಸ್ಟಿನಲ್ಲಿ ಪೊಳ್ಳಿಲೂರಿನಲ್ಲಿ ಇನ್ನೊಮ್ಮೆ, ಸೆಪ್ಟೆಂಬರಿನಲ್ಲಿ ಶೋಲಿಂಗೂರಿನಲ್ಲಿ ಮತ್ತೊಮ್ಮೆ ಯುದ್ಧ. ಪ್ರತಿ ಸಲ ಅದೇ ಕಥೆ. ಎರಡು ದಿನ ಮುಂದೆ ಹೋಗುವುದು, ಅಕ್ಕಿ ಮುಗಿಯುವುದು, ಕರಾವಳಿಗೆ ವಾಪಸ್.

ಹಾಗಾಗಿ ನಾನು ಕೇಳುವುದು: ಎತ್ತು, ದವಸ, ದಾರಿ ಇವು ಮೂರು ಯಾರ ಕೈಯಲ್ಲಿದ್ದವು? ತಟಸ್ಥರ ಕೈಯಲ್ಲಿ. ತಟಸ್ಥ ಅಂದರೆ ಏನೂ ಮಾಡದವನು ಅಂತ ನಾವು ಅಂದುಕೊಳ್ಳುತ್ತೇವೆ. ಆ ಕಾಲದಲ್ಲಿ ಸಂತೆ ತೆರೆದಿಡುವುದು ಅಥವಾ ಮುಚ್ಚುವುದೇ ದೊಡ್ಡ ಕೆಲಸ.

ತುಂಗಭದ್ರಾ_ದಂಡೆ:

ಸುಂಕದ_ಕಟ್ಟೆ ಅವರು ನಾನು ಹೇಳಬೇಕು ಅಂದುಕೊಂಡಿದ್ದನ್ನೇ ಹೇಳಿಬಿಟ್ಟರು. ಅದಕ್ಕೇ ನನ್ನ ಉತ್ತರ ನಾಗಪುರ. ಫ್ರಾನ್ಸೂ ಅಲ್ಲ, ನಿಜಾಮನೂ ಅಲ್ಲ.

ಕರ್ನಲ್ ಪಿಯರ್ಸ್‌ನ ದಂಡಿನ ಕಥೆ ನೋಡಿ. 1781ರ ಜನವರಿಯಲ್ಲಿ ಹೇಸ್ಟಿಂಗ್ಸ್ ಬಂಗಾಳದಿಂದ ಸಿಪಾಯಿ ಪಡೆಯೊಂದನ್ನು ಕಾಲ್ನಡಿಗೆಯಲ್ಲಿ ಮದರಾಸಿಗೆ ಕಳಿಸಿದ. ಬಂಗಾಳದ ಸಿಪಾಯಿಗಳು ಹಡಗು ಹತ್ತಲು ಒಪ್ಪುತ್ತಿರಲಿಲ್ಲ. ಅದಕ್ಕೇ ಮಿಡ್ನಾಪುರದಿಂದ ಕಟಕ್, ಗಂಜಾಂ, ವಿಶಾಖಪಟ್ಟಣ, ಮಚಲಿಪಟ್ಟಣ, ನೆಲ್ಲೂರು ಅಂತ ಕರಾವಳಿಯ ಉದ್ದಕ್ಕೂ ನಡೆಸಿದರು. ಕಟಕ್ ಸೀಮೆ ಪೂರ್ತಿ ಭೋಂಸ್ಲೆಯದು. ಅಲ್ಲಿ ಮುಧೋಜಿಯ ಮಗ ಚಿಮ್ನಾಜಿ ಸುಮಾರು 30,000 ಸೈನ್ಯ ಇಟ್ಟುಕೊಂಡು ಕೂತಿದ್ದ. ಬಂಗಾಳದ ಮೇಲೆ ದಾಳಿ ಮಾಡಲೆಂದು ಬಂದ ಸೈನ್ಯ ಅದು! ಪಿಯರ್ಸ್ ಅವನ ಪಕ್ಕದಿಂದಲೇ ನಡೆದುಹೋದ. ಯಾರೂ ತಡೆಯಲಿಲ್ಲ.

ಮುಂದೆ ಗಂಜಾಂನಲ್ಲಿ ಕಾಲರಾ ಬಡಿದು ಆ ದಂಡಿನಲ್ಲಿ ತುಂಬಾ ಜನ ಸತ್ತರು. ಉಳಿದವರು ಆಗಸ್ಟ್ ಮೊದಲ ವಾರ ಪುಲಿಕಾಟ್ ಹತ್ತಿರ ಕೂಟನನ್ನು ಸೇರಿಕೊಂಡರು. ಎರಡನೇ ಪೊಳ್ಳಿಲೂರು ಯುದ್ಧ ಆದದ್ದು ಆಗಸ್ಟ್ 27ಕ್ಕೆ. ಲೆಕ್ಕ ಹಾಕಿ.

ಚಿಮ್ನಾಜಿ ಬಂಗಾಳದ ಮೇಲೆ ಹೋಗುವುದೂ ಬೇಡ. ಈ ದಾರಿ ಇಲ್ಲ, ಕಾಳು ಮಾರುವುದಿಲ್ಲ ಅಂದಿದ್ದರೆ ಸಾಕಿತ್ತು.

ಪಡುವಣ_ಓದುಗ:

ಇಲ್ಲೊಂದು ಅನುಮಾನ. ಪರಂಗಿಪೇಟೆಯಲ್ಲಿ ಕೂಟ್ ಗೆದ್ದಾಗ ಪಿಯರ್ಸ್ ಇನ್ನೂ ಬಂದಿರಲಿಲ್ಲ. ಅಂದರೆ ಪಿಯರ್ಸ್ ಇಲ್ಲದೇ ಇದ್ದರೂ ಕೂಟ್ ನಿಲ್ಲುತ್ತಿದ್ದ. ನಾಗಪುರಕ್ಕೆ ಇಷ್ಟು ತೂಕ ಕೊಡುವುದು ಸರಿಯೇ?

ತುಂಗಭದ್ರಾ_ದಂಡೆ:

ಒಳ್ಳೆಯ ಪಾಯಿಂಟ್. ಆದರೆ ನನ್ನ ಲೆಕ್ಕ ಸಿಪಾಯಿಗಳದ್ದಲ್ಲ, ಬಂಗಾಳದ ಬೊಕ್ಕಸದ್ದು. ಮದರಾಸಿನ ಯುದ್ಧಕ್ಕೂ ಬೊಂಬಾಯಿಯ ಯುದ್ಧಕ್ಕೂ ಹಣ ಹರಿಯುತ್ತಿದ್ದುದು ಕಲ್ಕತ್ತೆಯಿಂದ. ಕೂಟ್ 1780ರ ನವೆಂಬರಿನಲ್ಲಿ ಮದರಾಸಿಗೆ ಇಳಿದಾಗ ಹಣದ ಪೆಟ್ಟಿಗೆ ಜೊತೆಗೇ ತಂದಿದ್ದ. ಆ ಬೊಕ್ಕಸವೇ ತುಂಬಾ ಎಳೆದಾಡುವ ಸ್ಥಿತಿಯಲ್ಲಿತ್ತು. ಅದಕ್ಕೇ ಹೇಸ್ಟಿಂಗ್ಸ್ ಕಾಶಿಯ ರಾಜ ಚೇತ್ ಸಿಂಗನ ಹತ್ತಿರ ಹೆಚ್ಚಿನ ಹಣ ಕೇಳಿದ, 1781ರ ಆಗಸ್ಟಿನಲ್ಲಿ ತಾನೇ ಕಾಶಿಗೆ ಹೋದ. ಅಲ್ಲಿ ದಂಗೆಯೆದ್ದು ಗವರ್ನರ್ ಜನರಲ್ ಚುನಾರ್ ಕೋಟೆಗೆ ಓಡಿಹೋಗಬೇಕಾಯಿತು.

ಈಗ ಊಹಿಸಿ. ಅದೇ ತಿಂಗಳು ನಾಗಪುರದ ಕುದುರೆಗಳು ಮಿಡ್ನಾಪುರ, ಬರ್ದ್ವಾನ್ ಕಡೆ ತಿರುಗಾಡುತ್ತಿದ್ದರೆ? ಬಂಗಾಳದ ಜನಕ್ಕೆ ಮರಾಠಾ ದಾಳಿ ಹೊಸದಲ್ಲ. 1740ರ ದಶಕದಲ್ಲಿ ರಘೂಜಿ ಭೋಂಸ್ಲೆಯ ಸವಾರರು ಮಾಡಿದ ಲೂಟಿಯ ನೆನಪು ಹಸಿಯಾಗಿಯೇ ಇತ್ತು. ಕಂದಾಯ ನಿಲ್ಲುತ್ತಿತ್ತು. ಕಂದಾಯ ನಿಂತರೆ ಕೂಟನ ಸಿಪಾಯಿಗಳಿಗೆ ಸಂಬಳ ಇಲ್ಲ.

ಹೇಸ್ಟಿಂಗ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಭೋಂಸ್ಲೆಗೆ ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೂರಿಸಿದ್ದು ಸುಮ್ನೆ ಅಲ್ಲ.

ಗೋದಾವರಿ_ತಿರುವು:

ನಿಜಾಮನನ್ನು ಇಷ್ಟು ಬೇಗ ಬಿಟ್ಟುಬಿಡಬೇಡಿ. ಕೂಟವನ್ನು ಕಟ್ಟಲು ಮೊದಲು ಓಡಾಡಿದವನೇ ಅವನು. ಮತ್ತೆ ಅವನು ಜಾರಿದ್ದು ಒಂದೇ ದಿನದಲ್ಲಲ್ಲ. ಗುಂಟೂರು ವಾಪಸ್ ಕೊಡಿ ಅಂತ ಕಲ್ಕತ್ತೆಯಿಂದ ಆಜ್ಞೆ ಹೋದರೂ ಮದರಾಸಿನ ಗವರ್ನರ್ ವೈಟ್‌ಹಿಲ್ ಕೊಡದೇ ತಳ್ಳಿಕೊಂಡು ಬಂದ. ನವೆಂಬರಿನಲ್ಲಿ ಕೂಟ್ ಬಂದು ಅವನನ್ನು ಅಮಾನತು ಮಾಡಿದ. ಅಷ್ಟರೊಳಗೆ ಇಂಗ್ಲಿಷ್ ಕರ್ನಲ್ ಬೈಲಿಯ ದಂಡು ಪೊಳ್ಳಿಲೂರಿನಲ್ಲಿ ನಾಶವಾಗಿತ್ತು, ಆರ್ಕಾಟ್ ಹೈದರನ ಕೈಗೆ ಬಂದಿತ್ತು. ಆ ಮಳೆಗಾಲದಲ್ಲಿ ನಿಜಾಮ ಮಚಲಿಪಟ್ಟಣದ ಕಡೆ ಒಂದು ಹೆಜ್ಜೆ ಇಟ್ಟಿದ್ದರೆ ತಡೆಯಲು ಕುಂಪಣಿಗೆ ಅಲ್ಲಿ ಹೇಳಿಕೊಳ್ಳುವಂಥ ಸೈನ್ಯ ಇರಲಿಲ್ಲ. ಪಿಯರ್ಸ್ ನಡೆದ ದಾರಿಯ ಅರ್ಧ ಭಾಗ ಉತ್ತರ ಸರ್ಕಾರುಗಳಲ್ಲೇ ಇದೆ. ಅದೂ ಮುಚ್ಚುತ್ತಿತ್ತು.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆಯ ಚಿತ್ರ ನೋಡಿರುತ್ತೀರಿ. ಎಲ್ಲರ ಕಣ್ಣೂ ಪಲ್ಲಕ್ಕಿಯಲ್ಲಿ ಕೂತ ಬೈಲಿ, ಅವನ ಸುತ್ತ ಚೌಕ ಕಟ್ಟಿ ನಿಂತ ಕೆಂಪು ಅಂಗಿಯವರು, ಹೊತ್ತಿ ಸಿಡಿಯುತ್ತಿರುವ ಮದ್ದಿನ ಗಾಡಿ ಇವುಗಳ ಮೇಲೆ ಹೋಗುತ್ತದೆ. ಅದೇ ಗೋಡೆಯ ಮೇಲೆ ನಿಜಾಮನ ದಂಡು ತಡವಾಗಿ ಬರುತ್ತಿರುವ ಚಿತ್ರವೂ ಇದೆ. ನಿಜವಾಗಿ ಅವನು ಪೊಳ್ಳಿಲೂರಿನ ಹತ್ತಿರಕ್ಕೂ ಬಂದಿರಲಿಲ್ಲ. ಆದರೂ ಅರಮನೆಯ ಗೋಡೆಯ ಮೇಲೆ ಬರೆಸಿಟ್ಟರು. ಬಾರದವನ ಮೇಲೆ ಮೈಸೂರಿಗೆ ಎಷ್ಟು ಸಿಟ್ಟಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ.

ಪಡುವಣ_ಓದುಗ:

ಎಲ್ಲರೂ ಒಂದು ವಿಷಯ ಮರೆಯುತ್ತಿದ್ದೀರಿ. ಈ ನಾಲ್ವರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಪುಣೆಯಲ್ಲಿ ಜಗಳ ನಡೆಯುತ್ತಿದ್ದಾಗ ಹೈದರ್ ತುಂಗಭದ್ರೆ ದಾಟಿ ಕೃಷ್ಣೆಯವರೆಗೆ ನುಂಗಿದ್ದ. ಕೂಟಕ್ಕೆ ಸೇರಿಸಿಕೊಳ್ಳಲು ಪುಣೆಯ ಮಂತ್ರಿ ನಾನಾ ಫಡ್ನವೀಸ್ ಆ ಸೀಮೆ ಹೈದರನದು ಅಂತ ಒಪ್ಪಿಕೊಂಡ. ಮನಸ್ಸಿನಿಂದ ಒಪ್ಪಿದ್ದನೇ? ಧಾರವಾಡ, ಬಾದಾಮಿ, ಗದಗದ ಕಡೆಯ ನಾಡು ಅದು. ಬಿಟ್ಟುಕೊಡುವ ಮಾತೇ ಇಲ್ಲ. 1784ರಲ್ಲಿ ಟಿಪ್ಪು ಕುಂಪಣಿಯ ಜೊತೆ ಮಾಡಿಕೊಂಡ ಮಂಗಳೂರು ಒಪ್ಪಂದದ ಮಸಿ ಆರುವ ಮೊದಲೇ ನರಗುಂದದ ಮೇಲೆ ಗಲಾಟೆ ಶುರುವಾಯಿತು. 1786ರಲ್ಲಿ ಮರಾಠರೂ ನಿಜಾಮನೂ ಸೇರಿ ಬಾದಾಮಿ ಹಿಡಿದರು. 1787ರಲ್ಲಿ ಗಜೇಂದ್ರಗಡದಲ್ಲಿ ಸಂಧಿಯಾಯಿತು.

ಕುಂಪಣಿ ಸೋತಿದ್ದರೆ ಮಾರನೇ ದಿನವೇ ಇವರು ಕೃಷ್ಣೆಯ ದಂಡೆಯಲ್ಲಿ ಹೊಡೆದಾಡುತ್ತಿದ್ದರು. ಆಮೇಲೆ ಯಾರೋ ಒಬ್ಬರು ಸೋತು ಮತ್ತೆ ಕುಂಪಣಿಯ ಬಾಗಿಲು ತಟ್ಟುತ್ತಿದ್ದರು. ಹಾಗಾಗಿ ನನ್ನ ಮತ: ಕೂಟ ಉಳಿದಿದ್ದರೂ ಹತ್ತು ವರ್ಷದಲ್ಲಿ ಅದೇ ಜಾಗಕ್ಕೆ ಬರುತ್ತಿದ್ದೆವು.

ಸುಂಕದ_ಕಟ್ಟೆ:

ಹತ್ತು ವರ್ಷ ಅಂದರೆ ಕಡಿಮೆಯೇನಲ್ಲ. ಆ ಹತ್ತು ವರ್ಷದಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕುಂಪಣಿಯ ಗತಿ ಏನಾಗುತ್ತಿತ್ತು ಅಂತಲೂ ಯೋಚಿಸಿ. ಅಮೆರಿಕ ಕಳೆದುಕೊಂಡಿದ್ದಾರೆ, ಮೇಲೆ ಮದರಾಸೂ ಕೈತಪ್ಪುವ ಹಾಗಿದೆ ಅಂದರೆ ಸಾಲ ಕೊಡುವವರು ಯಾರು?

ಕಡಲ_ದಾರಿ:

ಯುರೋಪಿನ ತಟಸ್ಥರ ಬಗ್ಗೆ ಒಂದು ಮಾತು. 1780ರ ಮಾರ್ಚಿನಲ್ಲಿ ರಷ್ಯಾದ ಕ್ಯಾಥರೀನ್ ರಾಣಿ ಒಂದು ಘೋಷಣೆ ಹೊರಡಿಸಿದಳು. ಯುದ್ಧದಲ್ಲಿರುವ ಯಾವ ದೇಶವೂ ಯುದ್ಧಸಾಮಗ್ರಿ ಹೊರದ ತಟಸ್ಥ ಹಡಗನ್ನು ತಡೆದು ಜಪ್ತಿ ಮಾಡುವಂತಿಲ್ಲ, ಈ ಹಕ್ಕನ್ನು ಹಡಗುಪಡೆಯಿಂದ ಕಾಪಾಡುತ್ತೇವೆ ಅಂತ. ಡೆನ್ಮಾರ್ಕ್, ಸ್ವೀಡನ್ ಸೇರಿಕೊಂಡವು. ಡಚ್ಚರೂ ಸೇರಲು ಹೊರಟರು. ಅವರು ಸೇರಿದರೆ ರಷ್ಯಾ ಬೆನ್ನಿಗೆ ನಿಲ್ಲುತ್ತದೆ ಅಂತ ಬ್ರಿಟನ್ ಅದಕ್ಕೂ ಮೊದಲೇ ಡಿಸೆಂಬರ್ 20ಕ್ಕೆ ಡಚ್ಚರ ಮೇಲೆ ಯುದ್ಧ ಸಾರಿತು.

ಇದರ ಬಿಸಿ ನಮ್ಮ ಕಡಲಿಗೂ ತಟ್ಟಿತು. 1781ರ ನವೆಂಬರಿನಲ್ಲಿ ಇಂಗ್ಲಿಷರು ಡಚ್ಚರ ನಾಗಪಟ್ಟಣ ಹಿಡಿದರು, 1782ರ ಜನವರಿಯಲ್ಲಿ ತ್ರಿಂಕೋಮಲಿ. ಆಗಸ್ಟ್ ಕೊನೆಗೆ ಫ್ರೆಂಚ್ ನೌಕಾಪತಿ ಸುಫ್ರೆನ್ ಬಂದು ತ್ರಿಂಕೋಮಲಿಯನ್ನು ಅವರಿಂದ ಕಿತ್ತುಕೊಂಡ. ಕೋರಮಂಡಲದ ಕರಾವಳಿಯಲ್ಲಿ ಹಡಗುಗಳು ಮಳೆಗಾಲಕ್ಕೆ ನಿಲ್ಲುವಂಥ ಬಂದರಿಲ್ಲ. ಆ ಭಾಗಕ್ಕೆ ತ್ರಿಂಕೋಮಲಿಯೇ ಗತಿ.

ಈಗ ಡಚ್ಚರು ತಟಸ್ಥರಾಗಿಯೇ ಉಳಿದಿದ್ದರೆ? ಮೇಲ್ನೋಟಕ್ಕೆ ಬ್ರಿಟನ್ನಿಗೆ ಒಬ್ಬ ಶತ್ರು ಕಡಿಮೆ. ಆದರೆ ಸುಫ್ರೆನ್‌ಗೂ ತ್ರಿಂಕೋಮಲಿ ಸಿಗುತ್ತಿರಲಿಲ್ಲ. ಡಚ್ಚರ ತಟಸ್ಥತೆ ಹೈದರನಿಗೆ ನಷ್ಟವೇ ಆಗುತ್ತಿತ್ತು. ಈ ಸುಫ್ರೆನ್ ತಟಸ್ಥತೆಗೆ ಬೆಲೆ ಕೊಡುವವನೂ ಅಲ್ಲ. ಭಾರತಕ್ಕೆ ಬರುವ ದಾರಿಯಲ್ಲಿ, 1781ರ ಏಪ್ರಿಲಿನಲ್ಲಿ, ತಟಸ್ಥ ಪೋರ್ಚುಗಲ್‌ನ ಪೋರ್ಟೊ ಪ್ರಾಯಾ ಬಂದರಿನೊಳಗೇ ನುಗ್ಗಿ ಇಂಗ್ಲಿಷ್ ಹಡಗುಗಳ ಮೇಲೆ ಗುಂಡು ಹಾರಿಸಿದ. ಅದರಿಂದಲೇ ಕೇಪ್ ಪಟ್ಟಣ ಇಂಗ್ಲಿಷರ ಕೈಗೆ ಹೋಗದೇ ಉಳಿಯಿತು.

ತರಂಗಂಬಾಡಿಯ ಡೇನರು ಮಾತ್ರ ಈ ಯುದ್ಧ ಪೂರ್ತಿ ತಟಸ್ಥರಾಗಿದ್ದು ಚೆನ್ನಾಗಿ ದುಡ್ಡು ಮಾಡಿಕೊಂಡರು. ಕುಂಪಣಿಯ ಅಧಿಕಾರಿಗಳೇ ತಮ್ಮ ಗಂಟನ್ನು ಡೇನರ ಹಡಗಿನಲ್ಲಿ ಯುರೋಪಿಗೆ ಸಾಗಿಸುತ್ತಿದ್ದರು.

ಮೇಲುಕೋಟೆ_ಕಡೆಯವರು:

ಇಷ್ಟು ಹೊತ್ತು ಓದುತ್ತಿದ್ದೆ. ಸುಂಕದ_ಕಟ್ಟೆ ಅವರ ಎತ್ತಿನ ಮಾತಿಗೆ ನಮ್ಮೂರಿನ ಕಡೆಯ ಸಾಕ್ಷಿ ಒಂದಿದೆ. ಆದರೆ ಅದು ಹತ್ತು ವರ್ಷ ಮುಂದಿನದು, ತಿರುಗುಮುರುಗಾದದ್ದು.

1791ರ ಮೇ. ಕುಂಪಣಿಯ ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಶ್ರೀರಂಗಪಟ್ಟಣದ ಮುಂದೆ ಬಂದಿದ್ದಾನೆ. ಈ ಸಲ ನಿಜಾಮ, ಮರಾಠರು ಇಬ್ಬರೂ ಕುಂಪಣಿಯ ಕಡೆ. ಫ್ರಾನ್ಸ್ ತನ್ನದೇ ಕ್ರಾಂತಿಯಲ್ಲಿ ಮುಳುಗಿ ಸುಮ್ಮನಿದೆ. ಆದರೆ ಮಳೆ ಹಿಡಿದಿದೆ, ಎತ್ತುಗಳು ಸಾಲಾಗಿ ಸಾಯುತ್ತಿವೆ, ಸಿಪಾಯಿಗಳಿಗೆ ಅಕ್ಕಿ ಇಲ್ಲ. ಕಾರ್ನ್‌ವಾಲಿಸ್ ಮುತ್ತಿಗೆಯ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದೆ ತಿರುಗಿದ. ದಾರಿಯಲ್ಲಿ ಎದುರಿಗೆ ಕುದುರೆ ಸವಾರರು ಕಂಡರು. ಟಿಪ್ಪುವಿನವರು ಅಂದುಕೊಂಡು ಇಂಗ್ಲಿಷರು ಬಂದೂಕು ಎತ್ತಿದರು. ಬಂದವರು ಹರಿಪಂತ ಮತ್ತು ಪರಶುರಾಮ ಭಾವೂ ಅವರ ಮರಾಠಾ ದಂಡು!

ಅವರ ಬಿಡಾರದ ಬಜಾರಿನಲ್ಲಿ ಕಾಳುಕಡಿ ಮಾತ್ರವಲ್ಲ, ಬಟ್ಟೆಬರೆಯಿಂದ ಹಿಡಿದು ಚಾಕುವಿನವರೆಗೆ ಎಲ್ಲವೂ ಮಾರಾಟಕ್ಕಿತ್ತು. ಬೆಲೆ ಮಾತ್ರ ವಿಪರೀತ. ಕುಂಪಣಿಯ ಸೈನ್ಯ ಆ ಬಜಾರಿನಿಂದ ಬದುಕಿತು. ಆಮೇಲೆ ಲಂಬಾಣಿಗಳ ಎತ್ತಿನ ಹಿಂಡುಗಳು ದವಸ ತಂದವು. ಮುಂದಿನ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದ. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಆ ದಿನ ಮರಾಠರು ತಟಸ್ಥರಾಗಿದ್ದು ಪುಣೆಯಲ್ಲೇ ಕೂತಿದ್ದರೆ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಮುಟ್ಟುವುದೇ ಕಷ್ಟವಿತ್ತು. 1781ರಲ್ಲಿ ಕಡಲೂರಿನಲ್ಲಿ ಕೂಟ್ ಇದ್ದ ಸ್ಥಿತಿಯೇ ಇದು.

ತುಂಗಭದ್ರಾ_ದಂಡೆ:

ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ಎಲ್ಲರ ಮಾತು ಸೇರಿಸಿ ನನ್ನ ಊಹೆಯ ಯುದ್ಧ ಹೀಗೆ ಬರೆಯುತ್ತೇನೆ. 1780ರ ಮಳೆಗಾಲದಲ್ಲಿ ವೈಟ್‌ಹಿಲ್ ಗುಂಟೂರು ಕೊಡಲು ತಡ ಮಾಡುತ್ತಿದ್ದಾನೆ. ಪೊಳ್ಳಿಲೂರಿನ ಸುದ್ದಿ ಹೈದರಾಬಾದಿಗೆ ಬರುತ್ತದೆ. ನಿಜಾಮ ಕಾಯುವುದು ಬಿಟ್ಟು ಗುಂಟೂರಿಗೆ ತಾನೇ ದಂಡು ಕಳಿಸುತ್ತಾನೆ. ದೊಡ್ಡ ಯುದ್ಧವೇನೂ ಇಲ್ಲ, ಕರಾವಳಿಯ ದಾರಿ ಮಾತ್ರ ಮುಚ್ಚುತ್ತದೆ. ನಿಜಾಮ ಇಳಿದದ್ದು ನೋಡಿ ನಾಗಪುರಕ್ಕೂ ಧೈರ್ಯ ಬರುತ್ತದೆ. ಮುಧೋಜಿ ಮೊದಲು ಹೆಜ್ಜೆ ಇಡುವ ಜಾತಿಯವನಲ್ಲ. ಆದರೆ ಗೆಲ್ಲುವವರ ಹಿಂದೆ ಹೋಗುವವನು. ಪಿಯರ್ಸ್‌ನ ದಂಡು ಕಟಕ್ ದಾಟುವುದಿಲ್ಲ.

ಫೆಬ್ರವರಿಯಲ್ಲಿ ದೋರ್ವ್ ಇತಿಹಾಸದಲ್ಲಿ ಮಾಡಿದ ಹಾಗೆಯೇ ಹೊರಟುಹೋಗಲಿ. ಕೂಟ್ ಉಳಿದುಕೊಳ್ಳಲಿ, ಪರಂಗಿಪೇಟೆಯಲ್ಲಿ ಗೆಲ್ಲಲಿ. ಆದರೆ ಆಗಸ್ಟಿನಲ್ಲಿ ಪುಲಿಕಾಟಿನಲ್ಲಿ ಅವನಿಗೆ ಯಾರೂ ಸಿಗುವುದಿಲ್ಲ. ಅದೇ ತಿಂಗಳು ಹೇಸ್ಟಿಂಗ್ಸ್ ಚುನಾರಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಬರ್ದ್ವಾನಿನಲ್ಲಿ ನಾಗಪುರದ ಸವಾರರು. ಇಷ್ಟಾದ ಮೇಲೆ ಮಹಾದ್ಜಿ ಶಿಂದೆ ಅಕ್ಟೋಬರಿನಲ್ಲಿ ಬೇರೆಯಾಗಿ ಒಪ್ಪಂದಕ್ಕೆ ಯಾಕೆ ಹೋಗುತ್ತಾನೆ? ಗ್ವಾಲಿಯರ್ ಹೋಗಿದೆ, ಸಿಪ್ರಿಯಲ್ಲಿ ಸೋತಿದ್ದಾನೆ, ನಿಜ. ಆದರೆ ಎದುರಾಳಿಗೇ ಕಾಸಿಲ್ಲ ಅಂತ ಗೊತ್ತಾದರೆ ಕಾಯುತ್ತಾನೆ.

ಕುಂಪಣಿ ಭಾರತ ಬಿಟ್ಟು ಓಡಿಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಮದರಾಸಿನ ಕೋಟೆ ಬೀಳುತ್ತಿರಲಿಲ್ಲ, ಮದರಾಸಿಗೆ ಸಮುದ್ರದ ದಾರಿ ಮುಚ್ಚುವಂಥ ಹಡಗುಪಡೆ ಹೈದರನ ಹತ್ತಿರ ಇರಲಿಲ್ಲ. ಬದಲಾಗುವುದು ಸಂಧಿಯ ಕಾಗದ. ಹೇಸ್ಟಿಂಗ್ಸ್‌ನ ಇಡೀ ಶಕ್ತಿ ಇದ್ದದ್ದು ಒಬ್ಬೊಬ್ಬರ ಜೊತೆ ಬೇರೆ ಬೇರೆ ಕೂತು ಮಾತಾಡುವುದರಲ್ಲಿ. ನಾಲ್ವರೂ ಒಟ್ಟಿಗೆ ಕೂತರೆ ಬೊಂಬಾಯಿ ಪಕ್ಕದ ಸಾಲ್ಸೆಟ್ ದ್ವೀಪ ಪುಣೆಗೆ ವಾಪಸ್, ಗುಂಟೂರು ನಿಜಾಮನಿಗೆ, ಹೈದರ್ ಗೆದ್ದದ್ದು ಹೈದರನಿಗೆ. ನಿಜವಾದ ಸಾಲ್ಬಾಯ್ ಕಾಗದದಲ್ಲಿ ಏನಿತ್ತು ನೋಡಿ: ಹೈದರ್ ಗೆದ್ದ ಸೀಮೆಯನ್ನು ಆರು ತಿಂಗಳಲ್ಲಿ ಬಿಟ್ಟುಕೊಡುವಂತೆ ಪೇಶ್ವೆಯೇ ನೋಡಿಕೊಳ್ಳಬೇಕು ಅಂತ! ನಿನ್ನೆಯ ಮಿತ್ರನ ಮೇಲೆ ಮಿತ್ರನನ್ನೇ ಕಾವಲಿಟ್ಟರು. ನಾನಾ ಫಡ್ನವೀಸ್ ಅದನ್ನು ತಿಂಗಳುಗಟ್ಟಲೆ ಮುದ್ರೆ ಒತ್ತದೇ ಇಟ್ಟುಕೊಂಡಿದ್ದ. ಹೈದರ್ ತೀರಿಕೊಂಡ ಮೇಲೆ ಬೇರೆ ದಾರಿ ಉಳಿಯಲಿಲ್ಲ.

ಪಡುವಣ_ಓದುಗ ಅವರು ಹೇಳಿದ ಹಾಗೆ ಕೃಷ್ಣೆಯ ದಂಡೆಯಲ್ಲಿ ಮತ್ತೆ ಹೊಡೆದಾಟ ಆಗುತ್ತಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕಡಲ_ದಾರಿ:

ಫ್ರೆಂಚರ ವಿಷಯ ಒಂದು ಉಳಿಯಿತು. 1783ರ ಬೇಸಿಗೆಯಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾನೆ. ಜೊತೆಗೆ ಫ್ರೆಂಚ್ ತುಕಡಿ ಇದೆ. ಯುರೋಪಿನಲ್ಲಿ ಶಾಂತಿಯಾಯಿತು ಅಂತ ಕಾಗದ ಬಂತು. ಅವರು ಬಂದೂಕು ಇಳಿಸಿ ಪಕ್ಕಕ್ಕೆ ಸರಿದರು. ನಿನ್ನೆಯವರೆಗೆ ಮಿತ್ರ, ಇವತ್ತು ತಟಸ್ಥ. ಟಿಪ್ಪು ಒಬ್ಬನೇ ಮುತ್ತಿಗೆ ಮುಂದುವರಿಸಿ 1784ರ ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಮಾಡಿಕೊಂಡ. ವರ್ಸೇಲ್ಸ್‌ನಲ್ಲಿ ಬರೆದ ಸಂಧಿ ಮೈಸೂರನ್ನು ಕೇಳಿ ಬರೆದದ್ದಲ್ಲ. ಇಷ್ಟಾದರೂ ಟಿಪ್ಪು ಕೊನೆಯವರೆಗೆ ಫ್ರಾನ್ಸ್ ಕಡೆಗೇ ನೋಡುತ್ತಿದ್ದ. ನನಗೆ ಇದು ಸಂಕಟದ ವಿಷಯ. ಪಕ್ಕದ ನಾಗಪುರಕ್ಕೆ, ಪುಣೆಗೆ ಅಷ್ಟೇ ರಾಯಭಾರ ಹೋಗಬೇಕಿತ್ತು ಅನಿಸುತ್ತದೆ.

ಗೋದಾವರಿ_ತಿರುವು:

ಪುಣೆಯವರು ಕೇಳುತ್ತಿದ್ದರೇ ಅನ್ನುವುದು ಬೇರೆ ಪ್ರಶ್ನೆ. ಮುಂದೆ ಏನಾಯಿತು ಅಂತ ಇಷ್ಟು ಮಾತ್ರ ಸೇರಿಸುತ್ತೇನೆ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಬಡಿದಾಗ ಕುಂಪಣಿ ತಟಸ್ಥವಾಗಿ ನಿಂತು ನೋಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮರಾಠರು ಹೊರಗೇ ಉಳಿದರು. 1800ರಲ್ಲಿ ನಿಜಾಮ ಮೈಸೂರಿನಿಂದ ಪಾಲಿಗೆ ಬಂದಿದ್ದ ಬಳ್ಳಾರಿ, ಕಡಪದ ಸೀಮೆಯನ್ನೆಲ್ಲ ಕುಂಪಣಿಗೆ ಬರೆದುಕೊಟ್ಟ. ನಾಗಪುರದವರು 1803ರಲ್ಲಿ ಕಟಕ್ ಕಳೆದುಕೊಂಡರು. ಪಿಯರ್ಸ್‌ನ ದಂಡಿಗೆ ಬಿಟ್ಟುಕೊಟ್ಟ ದಾರಿ ಇದ್ದದ್ದು ಅಲ್ಲೇ.

ಪಡುವಣ_ಓದುಗ:

ನಾಗಪುರಕ್ಕೆ ನನ್ನ ಓಟು ಈಗಲೂ ಇಲ್ಲ, ನಿಜಾಮನಿಗೆ ಕೊಡುತ್ತೇನೆ. ಮೊದಲು ಜಾರಿದವನು ಅವನು, ಉಳಿದವರು ಅವನನ್ನು ನೋಡಿ ಜಾರಿದರು. ತುಂಗಭದ್ರಾ_ದಂಡೆ ಅವರ ಊಹೆಯಲ್ಲೂ ಗುಂಟೂರಿನಿಂದಲೇ ಎಲ್ಲ ಶುರುವಾಗುತ್ತದೆ, ಗಮನಿಸಿ.